ಮಲಿಕ್ ಅಂಬರ್ ಸಮಾಧಿ ಹುಡುಕಿಕೊಂಡು ಖುಲ್ದಾಬಾದ್‌ಗೆ

ಈ ಕಪ್ಪು ಕಲ್ಲಿನ ಗುಮ್ಮಟ ಇದೆಯಲ್ಲ, ಇದೇ ಮಲಿಕ್ ಅಂಬರ್ ಸಮಾಧಿ. ಗುಲಾಮನಾಗಿ ಬಂದು, ಅಹಮದ್‌ನಗರದ ಸರದಾರನಾಗಿ ಮೊಘಲರನ್ನು ಎದುರಿಸಿದವನು. ರೈಲು, ಲಾಡ್ಜ್, ಎಲ್ಲೋರಾ ಎಲ್ಲ ವಿಡಿಯೋದಲ್ಲಿ ನೋಡಿದಿರಿ, ಅದನ್ನು ಮತ್ತೆ ಹೇಳುವುದಿಲ್ಲ. ಆಟೋ ವಿಷಯ ಮಾತ್ರ ಹೇಳಲೇಬೇಕು.

ಎಲ್ಲೋರಾದಿಂದ ಖುಲ್ದಾಬಾದ್ ತೀರಾ ಹತ್ತಿರ. ಆಟೋದವರು ಹೇಳಿದ ರೇಟಿಗೆ ಔರಂಗಜೇಬನ ಗೋರಿ, ದರ್ಗಾ, ಅಷ್ಟೇ. ಮಲಿಕ್ ಅಂಬರ್ ಅಂದ ತಕ್ಷಣ ಮುನ್ನೂರು ಜಾಸ್ತಿ. ಅಲ್ಲಿ ನಿಂತು ಕಾಯುವುದಕ್ಕೆ ಇನ್ನೊಂದು ನೂರು. ಯಾಕೆ ಅಂದರೆ, "ಅಲ್ಲಿಗೆ ಯಾರೂ ಹೋಗಲ್ಲ ಸಾಹೇಬ್" ಅಂತ ಉತ್ತರ. ಚೌಕಾಸಿ ಮಾಡಿದೆ, ಒಂದು ರೂಪಾಯಿ ಇಳಿಯಲಿಲ್ಲ. ಕೊಟ್ಟೆ. ನನಗೆ ದುಡ್ಡಿಗಿಂತ ಆ ಮಾತೇ ಉರಿಯಿತು. ಅವರೆಲ್ಲ ದಿನಾ ಆಟೋ ಓಡಿಸುವ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ಅದನ್ನು 1610ರಲ್ಲಿ ಖಡ್ಕಿ ಅಂತ ಕಟ್ಟಿಸಿದವನೇ ಈತ. ನೆಲದಡಿ ಕಾಲುವೆ ತೋಡಿಸಿ ಊರಿಗೆ ನೀರು ತಂದವನೂ ಈತನೇ, ನಹರ್-ಎ-ಅಂಬರಿ ಅಂತಲೇ ಅದರ ಹೆಸರು. ಔರಂಗಜೇಬನ ಹೆಸರು ಬಂದಿದ್ದು ಆಮೇಲೆ.

ಸರಿ, ಒಳಗೆ ಬನ್ನಿ. ಕಮಾನುಗಳನ್ನು ನೋಡುತ್ತಾ ಕೇಳಿ.

ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ. ಹೆಸರು ಚಾಪು. ಯೆಮೆನ್‌ನ ಮೋಕಾ ಬಂದರಿನಲ್ಲಿ ಅವನನ್ನು ಯುರೋಪಿನ ನಾಣ್ಯದಲ್ಲಿ 20 ಡುಕಾಟ್‌ಗೆ ಮಾರಿದರು ಅಂತ ಒಬ್ಬ ಡಚ್ ವ್ಯಾಪಾರಿ ಬರೆದಿಟ್ಟಿದ್ದಾನೆ. ಒಂದು ಮಗುವಿಗೆ ಬೆಲೆ ಕಟ್ಟಿ, ಎಣಿಸಿ, ಕೈ ಬದಲಾಯಿಸಿದ್ದಾರೆ ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ. ಆಮೇಲೆ ಬಾಗ್ದಾದ್. ಅಲ್ಲಿನ ಯಜಮಾನ ಓದು ಕಲಿಸಿ, ಅಂಬರ್ ಅಂತ ಹೆಸರಿಟ್ಟ. ಅಲ್ಲಿಂದ ದಖ್ಖನ್‌ಗೆ. ಇಲ್ಲಿ ಕೊಂಡವನು ಅಹಮದ್‌ನಗರದ ಪೇಶ್ವೆ, ಅಂದರೆ ಪ್ರಧಾನಮಂತ್ರಿ, ಚಂಗೀಜ್ ಖಾನ್. ಅವನೂ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು, ಅವನೂ ಒಂದು ಕಾಲದಲ್ಲಿ ಗುಲಾಮ!

ದಖ್ಖನ್ನಿನ ದರಬಾರುಗಳಲ್ಲಿ ಹಬ್ಶಿಗಳಿಗೆ ಯಾಕಿಷ್ಟು ಬೇಡಿಕೆ? ಅಣ್ಣ ತಮ್ಮ, ಮಾವ ಭಾವ ಅಂತ ಇಲ್ಲಿ ಅವರಿಗೆ ಯಾರೂ ಇರಲಿಲ್ಲ. ಸ್ಥಳೀಯ ಸರದಾರರ ಜೊತೆ ಸೇರಿ ಪಿತೂರಿ ಮಾಡುತ್ತಾರೆ ಅನ್ನುವ ಭಯ ಕಡಿಮೆ. ಹಾಗಾಗಿ ಕೈಗೆ ಕತ್ತಿ ಕೊಟ್ಟರು, ಖಜಾನೆ ಕೊಟ್ಟರು. ಇದನ್ನು ಕೆಲವರು ಉದಾರತನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ಬೇರು ಕಿತ್ತು ತಂದು ಅದರ ಲಾಭ ಪಡೆದಿದ್ದಷ್ಟೇ. ಆದರೂ ಅಂಬರ್‌ನ ಕಥೆ ಓದುತ್ತಾ ಹೋದರೆ ಆ ದಾರಿಯಲ್ಲಿ ಅವನಿಗೆ ನಿಜವಾದ ಅವಕಾಶವೂ ಸಿಕ್ಕಿತ್ತು ಅನ್ನಿಸುತ್ತದೆ.

ಯಜಮಾನ ಸತ್ತ ಮೇಲೆ ಬಿಡುಗಡೆ. ಸ್ವಲ್ಪ ಕಾಲ ನಮ್ಮ ಬಿಜಾಪುರದ ಆದಿಲ್‌ಶಾಹಿಗಳ ಹತ್ತಿರವೂ ಇದ್ದ. 1600ರಲ್ಲಿ ಮೊಘಲರು ಅಹಮದ್‌ನಗರದ ಕೋಟೆ ಹಿಡಿದರು. ಎಲ್ಲ ಮುಗಿಯಿತು ಅನ್ನುವಾಗ ಇವನು ಅಲ್ಲಿ ಆಳುತ್ತಿದ್ದ ನಿಜಾಮ್‌ಶಾಹಿ ವಂಶದ ಹುಡುಗನೊಬ್ಬನನ್ನು ಹುಡುಕಿ ಪಟ್ಟಕ್ಕೆ ಕೂರಿಸಿ, ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡಿದ. ಮಾರಾಟವಾಗಿ ಬಂದವನು ಸುಲ್ತಾನನಿಗೆ ಮಾವ!

ಜಹಾಂಗೀರನಿಗೆ ಇವನ ಮೇಲೆ ಎಷ್ಟು ಸಿಟ್ಟು ಅಂದರೆ, ಅಂಬರ್‌ನ ಕತ್ತರಿಸಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ. ನಿಜದಲ್ಲಿ ಆ ತಲೆ ಅವನ ಕೈಗೆ ಸಿಗಲೇ ಇಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಘಲರು, ಬಿಜಾಪುರದವರು ಒಟ್ಟಿಗೆ ಬಂದರೂ ಸೋತರು. ಮುಂದೆ ಅಂಬರ್‌ನ ದಂಡು ಬಿಜಾಪುರದವರೆಗೂ ಬಂದು, ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಸೆಯಿಂದ ಕಟ್ಟಿಸುತ್ತಿದ್ದ ಹೊಸ ಊರು ನವರಸಪುರವನ್ನು ಹಾಳು ಮಾಡಿತು. ಇದೊಂದನ್ನು ಮಾತ್ರ ನಾನು ಅವನಿಗೆ ಕ್ಷಮಿಸಲಾರೆ. ವಿಜಯಪುರದ ಪಕ್ಕ ತೊರವಿಗೆ ಹೋಗಿ ಆ ಮುರುಕು ಗೋಡೆಗಳನ್ನು ನೋಡಿ, ಹೊಟ್ಟೆ ಉರಿಯುತ್ತದೆ.

ಅಂಬರ್ ತೀರಿಕೊಂಡಿದ್ದು 1626ರಲ್ಲಿ, ಎಂಬತ್ತರ ಹತ್ತಿರ. ಏಳೇ ವರ್ಷಕ್ಕೆ ಮಗ ಫತೇಹ್ ಖಾನ್ ದೌಲತಾಬಾದ್ ಕೋಟೆಯನ್ನು ಮೊಘಲರಿಗೆ ಒಪ್ಪಿಸಿಬಿಟ್ಟ.

ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳ, ಅಂದರೆ ಅಂಬರ್ ಹಾಗೆಯೇ ಆಫ್ರಿಕಾ ಮೂಲದವರ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಅವರಲ್ಲಿ ಹಲವರ ಹಿರಿಯರು ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರಿಗೆ ದರಬಾರೂ ಇಲ್ಲ, ಜಹಗೀರೂ ಇಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದೇ 2003ರಲ್ಲಿ. ಅದಕ್ಕೇ ಬರೀ ಅಂಬರ್ ಕಥೆ ಹೇಳಿ ಖುಷಿಪಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಯ್ಯೋ, ಶಾಟ್ ಮುಗಿದೇ ಹೋಯಿತು! ಈಗ ಕಾಣುತ್ತಿರುವುದು ಔರಂಗಾಬಾದ್ ಊರೊಳಗಿನ ಭಡಕಲ್ ದರ್ವಾಜಾ. ಮೊಘಲರನ್ನು ಸೋಲಿಸಿದ ನೆನಪಿಗೆ ಅಂಬರ್ 1612ರಲ್ಲಿ ಕಟ್ಟಿಸಿದ್ದು. ಇದನ್ನು ನೋಡೋಕೆ ದುಡ್ಡು ಕೊಡಬೇಕಾಗಿಲ್ಲ, ಆ ಕಡೆ ಹೋದರೆ ತಪ್ಪದೆ ನೋಡಿ.