ಹೇಳದೇ ಹೋಗಿ ನೋಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ತಂದೆತಾಯಿಗಳು. 'ನಾವು ಹೋದ ಮೇಲೆ ಇವನ ಗತಿ ಏನು' ಅನ್ನುವ ಚಿಂತೆ ಇಟ್ಟುಕೊಂಡೇ ಬಂದಿದ್ದೀರಿ, ಅಲ್ವಾ? ಹಾಗಾಗಿ ನನ್ನ ದಕ್ಷಿಣ ಆಫ್ರಿಕಾ ಪ್ರವಾಸದ ಕಥೆಯನ್ನು ಬೇಗ ಮುಗಿಸುತ್ತೇನೆ.

ದಕ್ಷಿಣ ಆಫ್ರಿಕಾದ ಕೇಪ್ ಟೌನಿನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಅಟ್ಲಾಂಟಿಸ್ ಎಂಬ ಊರಿದೆ. ವರ್ಣಭೇದದ ಸರ್ಕಾರ 'ಕಲರ್ಡ್' (ಮಿಶ್ರ ಮೂಲದವರು) ಎಂದು ಹಣೆಪಟ್ಟಿ ಹಚ್ಚಿದ ಜನರಿಗಾಗಿ 1970ರ ದಶಕದಲ್ಲಿ ಕಟ್ಟಿದ ಊರು ಅದು. ಅದರ ಹತ್ತಿರವೇ ಕ್ಯಾಂಪ್‌ಹಿಲ್ ವಿಲೇಜ್ ವೆಸ್ಟ್ ಕೋಸ್ಟ್ ಇದೆ. ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರು ಅಲ್ಲಿ ವಾಸ ಮಾಡುತ್ತಾರೆ.

ಇಂಥ ಊರುಗಳನ್ನು ಕಟ್ಟುವ ಕ್ಯಾಂಪ್‌ಹಿಲ್ ಚಳವಳಿ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ವಿಯೆನ್ನಾದ ಮಕ್ಕಳ ಡಾಕ್ಟರ್ ಕಾರ್ಲ್ ಕೋನಿಗ್ ಯಹೂದಿ ಮನೆತನದವರು. ನಾಜಿಗಳಿಂದ ತಪ್ಪಿಸಿಕೊಂಡು ಬಂದು, 1940ರಲ್ಲಿ ಅಬರ್ಡೀನ್ ಬಳಿ ಇದನ್ನು ಶುರು ಮಾಡಿದರು. ಅವರು ನಂಬಿದ್ದ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರ ವಿಚಾರಗಳೆಲ್ಲ ನನಗೆ ಒಪ್ಪಿಗೆಯಿಲ್ಲ. ಆದರೆ ಬದುಕಿನ ಕ್ರಮ ಇಷ್ಟವಾಯಿತು. ವಾರ್ಡುಗಳಿಲ್ಲ, ಮನೆಗಳಿವೆ. ನೋಡಿಕೊಳ್ಳುವವರೂ ಅದೇ ಮನೆಯಲ್ಲಿ ಇರುತ್ತಾರೆ, ಅದೇ ಮೇಜಿನಲ್ಲಿ ಉಣ್ಣುತ್ತಾರೆ. ವರ್ಷದ ಮಟ್ಟಿಗೆ ಸ್ವಯಂಸೇವೆಗೆ ಬಂದ ಜರ್ಮನಿಯ ಹುಡುಗ ಹುಡುಗಿಯರೂ ಜೊತೆಗಿರುತ್ತಾರೆ.

ನಾನು ಜಾಸ್ತಿ ಹೊತ್ತು ನೋಡಿದ್ದು ಕೆಲಸವನ್ನು. ಹಸು, ಮೊಸರು, ಬ್ರೆಡ್ಡು, ಗಿಡಮೂಲಿಕೆ ತೋಟ. ನಮ್ಮ ಕೆಲವು ಕೇಂದ್ರಗಳಲ್ಲಿ ಮಣಿ ಪೋಣಿಸಲು ಕೊಡುತ್ತಾರೆ. ಸಂಜೆ ಬಿಚ್ಚುತ್ತಾರೆ. ಮರುದಿನ ಮತ್ತೆ ಅದೇ ಮಣಿ! ಅದು ಸುಮ್ನೆ ಹೊತ್ತು ಕಳೆಯುವುದು. ಮೊಸರು ಹಾಗಲ್ಲ. ಇವತ್ತು ಮಾಡದಿದ್ದರೆ ನಾಳೆ ಮಾರಲು ಇರುವುದಿಲ್ಲ. ಕೆಲಸಕ್ಕೆ ಬಾರದೇ ಹೋದವನನ್ನು 'ಯಾಕೆ ಬರಲಿಲ್ಲ' ಎಂದು ಇನ್ನೊಬ್ಬ ಕೇಳುತ್ತಾನೆ. ಅಲ್ಲಿ ತಿಂಗಳಿಗೊಮ್ಮೆ ಸಂತೆಯೂ ಇದೆ, ಊರಿನವರು ಕಾರು ಹತ್ತಿ ಬರುತ್ತಾರೆ.

ಹೊರಗಿನ ಜನ ಬರುವುದು ಯಾಕೆ ಮುಖ್ಯ? ಅದೇ ದೇಶದ ಇನ್ನೊಂದು ಘಟನೆ ಹೇಳಬೇಕು. ಗೌಟೆಂಗ್ ಪ್ರಾಂತ್ಯದ ಆರೋಗ್ಯ ಇಲಾಖೆ, ಮಾನಸಿಕ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದ ಲೈಫ್ ಎಸಿಡಿಮೆನಿ ಎಂಬ ಸಂಸ್ಥೆಯ ಜೊತೆಗಿನ ಒಪ್ಪಂದ ಮುರಿಯಿತು. ಖರ್ಚು ಉಳಿಯಬೇಕಿತ್ತು. ಬಾಯಲ್ಲಿ ಮಾತ್ರ 'ಇವರು ಸಮುದಾಯದ ನಡುವೆ ಬದುಕಲಿ' ಎಂಬ ಒಳ್ಳೆಯ ಮಾತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಬೇರೆ ಜಾಗಗಳಿಗೆ ಸಾಗಿಸಿದರು. ಮಾನಸಿಕ ಕಾಯಿಲೆ ಇದ್ದವರು, ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರು. ಅನೇಕರು ಸರಿಯಾದ ಪರವಾನಗಿಯೇ ಇಲ್ಲದ ಜಾಗಗಳಿಗೆ ಹೋದರು. ಎಲ್ಲಿಗೆ ಒಯ್ದರು ಅಂತ ಎಷ್ಟೋ ಮನೆಯವರಿಗೆ ಹೇಳಲೇ ಇಲ್ಲ. 144 ಮಂದಿ ಸತ್ತರು. ಹಸಿವು, ಚಳಿ, ನೀರಿಲ್ಲದೆ ಸೊರಗಿದ್ದು ಕೂಡ ಕಾರಣಗಳಲ್ಲಿದ್ದವು. ನಿವೃತ್ತ ನ್ಯಾಯಮೂರ್ತಿ ಡಿಕ್ಗಾಂಗ್ ಮೊಸೆನೆಕೆ ಅವರು 2018ರಲ್ಲಿ ಕುಟುಂಬಗಳಿಗೆ ಪರಿಹಾರ ಕೊಡಿಸಿದರು. ಮನೆಯವರು ಮುಂಚೆಯೇ ಬೇಡ ಎಂದಿದ್ದರು, ಕೋರ್ಟಿಗೂ ಹೋಗಿದ್ದರು. ಇದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ಅಲ್ಲೇ. ಹೊರಗಿನವರ ಕಣ್ಣು ಬೀಳದ ಜಾಗದಲ್ಲಿ ಏನಾಗುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಂಪ್‌ಹಿಲ್ಲಿನಂಥ ಮನೆಗಳು ನಮ್ಮಲ್ಲೂ ಇವೆ. ಬೆಂಗಳೂರಿನ ಆಶಾ ನಿಕೇತನ 1970ರಿಂದ ಇದೆ. ಕ್ಯಾಂಪ್‌ಹಿಲ್ ಬಳಗದ್ದೂ ಒಂದು ಇದೆ. ಎಲ್ಲಿಗೇ ಹೋಗಿ, ವಾರ್ಷಿಕೋತ್ಸವದ ದಿನ ಹೋಗಬೇಡಿ. ಅಲಂಕಾರ ಬಿಟ್ಟು ಏನೂ ಕಾಣುವುದಿಲ್ಲ. ಮಂಗಳವಾರವೋ ಬುಧವಾರವೋ ಊಟದ ಹೊತ್ತಿಗೆ ಹೋಗಿ. ಸಿಬ್ಬಂದಿ ಎಲ್ಲಿ ಕೂತು ಉಣ್ಣುತ್ತಾರೆ ನೋಡಿ. ಅಲ್ಲಿರುವವರನ್ನೇ 'ಇವತ್ತು ಏನು ಕೆಲಸ ಮಾಡಿದಿರಿ' ಎಂದು ಕೇಳಿ, ಮ್ಯಾನೇಜರನ್ನಲ್ಲ. ಇನ್ನೊಮ್ಮೆ ಹೇಳದೇ ಬರಬಹುದಾ ಅಂತಲೂ ಕೇಳಿ. ತಡವರಿಸಿದರೆ ಬೇರೆ ಜಾಗ ಹುಡುಕಿ.

ಫೀಸು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪೋಷಕತ್ವ ಪಡೆಯುವ ದಾರಿ, ಇವೆಲ್ಲ ಪ್ರಶ್ನೆಗಳ ಹೊತ್ತಿಗೆ ಇಟ್ಟುಕೊಳ್ಳೋಣ. ಮೊದಲು ಹಿಂದಿನ ಸಾಲಿನವರು ಕೇಳಿ.