ತುಳಿದರೆ ನುಡಿಯುತ್ತಿದ್ದ ರೇಡಿಯೊ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೋದವನು, ಅಲ್ಲಿಂದ ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿಗೂ ಹೋಗಿಬಂದೆ. ಆ ಊರಿನ ಪೇಟೆಬೀದಿಯಲ್ಲಿ ಅಡಿಲೇಡ್ ಹೌಸ್ ಎಂಬ ಕಲ್ಲಿನ ಕಟ್ಟಡವಿದೆ. 1926ರಲ್ಲಿ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದ ಚರ್ಚಿನವರು ಆಸ್ಪತ್ರೆಯಾಗಿ ತೆರೆದ ಈ ಮನೆಯ ನೆಲದಡಿಯಲ್ಲಿ ಒಂದು ಸುರಂಗವಿದ್ದು, ಹೊರಗಿನ ಬಿಸಿಗಾಳಿ ಅಲ್ಲಿ ಒದ್ದೆ ಗೋಣಿತಟ್ಟುಗಳನ್ನು ಹಾದು, ತಂಪಾಗಿ, ರೋಗಿಗಳು ಮಲಗುವ ಕೋಣೆಗಳಿಗೆ ಏರುವಂತೆ ಕಟ್ಟಿದ್ದಾರೆ. ಆ ಉಪಾಯವನ್ನು ಮೆಚ್ಚಿ ನೋಡುತ್ತಿದ್ದವನ ಗಮನವನ್ನು ಇನ್ನೊಂದು ವಸ್ತು ಪೂರ್ತಿಯಾಗಿ ಸೆಳೆದುಕೊಂಡಿತು. ಅದೊಂದು ಹಳೆಯ ರೇಡಿಯೊ. ಅದರ ಕೆಳಗೆ ಸೈಕಲ್ಲಿಗೆ ಇರುವಂಥ ಎರಡು ಪೆಡಲುಗಳು. ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಯ ಹಾಗೆ, ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತುಳಿಯುತ್ತಿದ್ದರೆ ವಿದ್ಯುತ್ತು ಹುಟ್ಟುತ್ತಿತ್ತು, ರೇಡಿಯೊ ನುಡಿಯುತ್ತಿತ್ತು. ಬಾನುಲಿಯಲ್ಲಿ ಮಾತನಾಡುವ ಅವಕಾಶ ಸಿಕ್ಕಾಗ ಮೊದಲು ನೆನಪಾದದ್ದು ಆ ಯಂತ್ರವೇ ಆದ್ದರಿಂದ, ಅದನ್ನು ಹುಟ್ಟಿಸಿದ ಸೇವೆಯ ಕಥೆಯನ್ನು ಇಂದು ಹೇಳುತ್ತೇನೆ.

ಆಸ್ಟ್ರೇಲಿಯಾದ ಒಳನಾಡು ಎಂದರೆ ಎಷ್ಟು ದೂರ, ಎಷ್ಟು ಬಯಲು ಎಂಬುದನ್ನು ನಮ್ಮ ಅಳತೆಯಲ್ಲಿ ಊಹಿಸುವುದು ಕಷ್ಟ. ಅಲ್ಲಿನ ಜನ ಸ್ಟೇಷನ್ ಎಂದು ಕರೆಯುವುದು ದನ ಅಥವಾ ಕುರಿ ಮೇಯಿಸುವ ಹುಲ್ಲುಗಾವಲನ್ನು; ನಮ್ಮಲ್ಲಿ ಅಮೃತಮಹಲ್ ದನಗಳಿಗೆ ಬಿಟ್ಟ ಕಾವಲುಗಳಿದ್ದವಲ್ಲ, ಅಂಥದ್ದು. ದಕ್ಷಿಣ ಆಸ್ಟ್ರೇಲಿಯಾದ ಆನಾ ಕ್ರೀಕ್ ಎಂಬ ಒಂದೇ ಕಾವಲು 15 ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು. ಅಂದರೆ ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿ ಅದರೊಳಗೆ ಸಲೀಸಾಗಿ ಹಿಡಿಸುತ್ತದೆ. ಇಂಥ ಕಡೆ ನೆರೆಮನೆ ಎಂದರೆ ನೂರು ಕಿಲೋಮೀಟರ್ ಆಚೆಯ ಮನೆ.

ಈ ಒಳನಾಡಿಗೆ 1911ರಲ್ಲಿ ಪಾದ್ರಿಯಾಗಿ ಹೊರಟವರು ಜಾನ್ ಫ್ಲಿನ್. ವಿಕ್ಟೋರಿಯ ಪ್ರಾಂತ್ಯದ ಮೋಲಿಯಾಗಲ್‌ನಲ್ಲಿ 1880ರಲ್ಲಿ ಹುಟ್ಟಿದವರು. ಅವರು ಅದಕ್ಕೂ ಮೊದಲೇ ಒಳನಾಡಿನ ದುಡಿಯುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸಿದ್ದರು. ಅದರಲ್ಲಿ ಪ್ರಾರ್ಥನೆಗಳಿದ್ದವು ನಿಜ. ಜೊತೆಗೆ ಪ್ರಥಮ ಚಿಕಿತ್ಸೆಯ ವಿವರವಿತ್ತು, ಪಾದ್ರಿ ಸಿಗದ ಕಡೆ ಸತ್ತವರನ್ನು ಮಣ್ಣು ಮಾಡುವಾಗ ಏನು ಓದಬೇಕೆಂಬುದೂ ಇತ್ತು. ಈ ಜೋಡಣೆ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಬೋಧಿಸಲು ಹೊರಟವನು ಇಂಥ ಪುಸ್ತಕ ಬರೆಯುವುದಿಲ್ಲ; ಆ ಜನರ ಬದುಕಿನಲ್ಲಿ ನಿಜವಾಗಿ ಏನೇನು ಎದುರಾಗುತ್ತದೆ ಎಂದು ವಿಚಾರಿಸಿಕೊಂಡವನು ಬರೆಯುತ್ತಾನೆ. 1912ರಲ್ಲಿ ಫ್ಲಿನ್ ಉತ್ತರದ ಪ್ರದೇಶಗಳನ್ನು ಸುತ್ತಿ ಕೊಟ್ಟ ವರದಿಯ ಮೇಲೆ ಚರ್ಚು ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಅದನ್ನು ಅವರ ಕೈಗೇ ಒಪ್ಪಿಸಿತು. ಸಂಚಾರಿ ಪಾದ್ರಿಗಳು ಒಂಟೆಯ ಮೇಲೆ ತಿಂಗಳುಗಟ್ಟಲೆ ಕಾವಲಿನಿಂದ ಕಾವಲಿಗೆ ಅಲೆದರು. ದಾದಿಯರು ಆಯ್ದ ಊರುಗಳಲ್ಲಿ ಚಿಕ್ಕ ಆಸ್ಪತ್ರೆಗಳನ್ನು ನಡೆಸಿದರು.

ಆದರೆ ದಾದಿ ಇದ್ದ ಮಾತ್ರಕ್ಕೆ ವೈದ್ಯರು ಸಿಕ್ಕಂತಾಗುತ್ತಿರಲಿಲ್ಲ. 1917ರ ಒಂದು ಘಟನೆ ಅಲ್ಲಿ ಇಂದಿಗೂ ಮನೆಮಾತು. ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಊರಿನ ಸಮೀಪ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ತೀವ್ರವಾಗಿ ಗಾಯಗೊಂಡ. ಗೆಳೆಯರು ಗಾಡಿಯಲ್ಲಿ ಹೊತ್ತು ತಂದರೆ, ಊರಿನಲ್ಲಿ ವೈದ್ಯರಿಲ್ಲ. ಇದ್ದವರು ಪ್ರಥಮ ಚಿಕಿತ್ಸೆ ಕಲಿತಿದ್ದ ಅಂಚೆ ಮಾಸ್ತರು ಟಕೆಟ್ ಒಬ್ಬರೇ. ಪರ್ತ್ ನಗರದ ಡಾ. ಹಾಲೆಂಡ್ ಅಲ್ಲಿಂದ ತಂತಿಯ ಮೂಲಕ ಒಂದೊಂದೇ ಸೂಚನೆ ಕಳಿಸುತ್ತಿದ್ದರು, ಈ ಅಂಚೆ ಮಾಸ್ತರು ಅದನ್ನು ಓದಿಕೊಂಡು, ಅರಿವಳಿಕೆ ಇಲ್ಲದೆ, ಚಾಕುವಿನಿಂದ ಶಸ್ತ್ರಕ್ರಿಯೆ ಮಾಡಿದರು. ಆಮೇಲೆ ವೈದ್ಯರು ಹಡಗು, ಮೋಟಾರು, ಕುದುರೆಗಾಡಿ ಎಲ್ಲವನ್ನೂ ಹಿಡಿದು, ಕೊನೆಗೆ ನಡೆದು, ಹತ್ತು ದಿನಗಳಿಗೂ ಮೇಲ್ಪಟ್ಟ ಪ್ರಯಾಣ ಮಾಡಿ ತಲುಪುವ ಹಿಂದಿನ ದಿನ ಡಾರ್ಸಿ ತೀರಿಕೊಂಡಿದ್ದ. ಶಸ್ತ್ರಕ್ರಿಯೆ ಫಲಿಸಿತ್ತು, ಯಾರ ಗಮನಕ್ಕೂ ಬಾರದಿದ್ದ ಮಲೇರಿಯ ಅವನ ಜೀವಕ್ಕೆ ಎರವಾಗಿತ್ತು.

ಅದೇ ವರ್ಷ ಕ್ಲಿಫರ್ಡ್ ಪೀಲ್ ಎಂಬ ಯುವಕ ಫ್ಲಿನ್ ಅವರಿಗೆ ಒಂದು ಕಾಗದ ಬರೆದ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದು ಮಹಾಯುದ್ಧದಲ್ಲಿ ವಿಮಾನ ಹಾರಿಸಲು ಹೊರಟಿದ್ದ ಅವನು, ವೈದ್ಯರನ್ನು ವಿಮಾನದಲ್ಲಿ ಕಳಿಸುವುದು ಹೇಗೆ, ಎಷ್ಟು ಖರ್ಚು ಬೀಳುತ್ತದೆ ಎಂದು ಲೆಕ್ಕ ಹಾಕಿ ಬರೆದಿದ್ದ. 1918ರ ಸೆಪ್ಟೆಂಬರಿನಲ್ಲಿ ಅವನು ಫ್ರಾನ್ಸಿನಲ್ಲಿ ಮಡಿದ. ಫ್ಲಿನ್ ಆ ಕಾಗದವನ್ನು ಕಾಪಾಡಿಕೊಂಡು, ಹತ್ತು ವರ್ಷ ಚಂದಾ ಎತ್ತಿ, ಕ್ವಾಂಟಾಸ್ ಕಂಪನಿಯಿಂದ ವಿಮಾನವೊಂದನ್ನು ಬಾಡಿಗೆಗೆ ಪಡೆದರು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಕ್ಲಾನ್‌ಕರಿ ಊರಿನಿಂದ ಜೂಲಿಯಾ ಕ್ರೀಕ್‌ಗೆ ಹಾರುವ ವೈದ್ಯರ ಮೊದಲ ಹಾರಾಟ ನಡೆಯಿತು. ಮೊದಲ ವರ್ಷದಲ್ಲೇ 50 ಹಾರಾಟಗಳಾಗಿ 225 ರೋಗಿಗಳಿಗೆ ಚಿಕಿತ್ಸೆ ದೊರೆಯಿತು.

ವಿಮಾನದ ಕಥೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸು ನಿಲ್ಲುವುದು ರೇಡಿಯೊದ ಮೇಲೆ. ವೈದ್ಯರು ಹಾರಿಬರಲು ಸಿದ್ಧರಿದ್ದರೂ, ಮಗುವಿಗೆ ಜ್ವರ ಏರುತ್ತಿದೆ ಎಂದು ಆ ಒಂಟಿಮನೆಯ ತಾಯಿ ಯಾರಿಗೆ ಹೇಳಬೇಕು? ದೂರವಾಣಿ ಇಲ್ಲ, ತಂತಿ ಕಚೇರಿಗೆ ದಿನಗಟ್ಟಲೆ ದಾರಿ. ಆಗಿನ ರೇಡಿಯೊಗಳಿಗೆ ಭಾರವಾದ ಬ್ಯಾಟರಿಗಳು ಬೇಕಿದ್ದವು, ಅವು ಬರಿದಾದರೆ ಮತ್ತೆ ತುಂಬಿಸುವ ದಾರಿ ಇರಲಿಲ್ಲ. ಫ್ಲಿನ್ ಈ ತೊಡಕನ್ನು ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರರ ಮುಂದಿಟ್ಟರು. ಇಬ್ಬರೂ ಸೇರಿ 1926ರಲ್ಲಿ ಇದೇ ಅಡಿಲೇಡ್ ಹೌಸಿನ ಹಿಂಭಾಗದ ಕೊಟ್ಟಿಗೆಯಂಥ ಕೋಣೆಯಲ್ಲಿ ಪ್ರಯೋಗ ನಡೆಸಿದರು. 1929ರ ಹೊತ್ತಿಗೆ ಟ್ರೇಗರ್ ಪೆಡಲ್ ರೇಡಿಯೊವನ್ನು ಒಳನಾಡಿನ ಮನೆಗಳಿಗೆ ತಲುಪಿಸಿದರು. ಕಾಲು ತುಳಿಯುತ್ತಿತ್ತು, ಕೈ ಬಿಡುವಾಗಿದ್ದು, ಚುಕ್ಕೆ ಗೆರೆಗಳ ಸಂಕೇತದಲ್ಲಿ ಸಂದೇಶ ಕಳಿಸುವ ಮೋರ್ಸ್ ಕೀಲಿಯನ್ನು ಬಡಿಯುತ್ತಿತ್ತು. ಮೋರ್ಸ್ ಸಂಕೇತ ಕಲಿಯುವುದು ಎಲ್ಲರಿಗೂ ಆಗದ ಮಾತು ಎಂದು ತಿಳಿದಾಗ, ಅಕ್ಷರವನ್ನು ಒತ್ತಿದರೆ ಸಂಕೇತ ತಾನೇ ಹೋಗುವಂಥ, ಬೆರಳಚ್ಚು ಯಂತ್ರದಂಥ ಕೀಲಿಮಣೆಯನ್ನೂ ಅವರು ಮಾಡಿಕೊಟ್ಟರು. ಮುಂದೆ ಮಾತೇ ನೇರವಾಗಿ ಹೋಗತೊಡಗಿತು. ಪ್ರತಿ ಕಾವಲಿನಲ್ಲೂ ಒಂದು ಔಷಧಿ ಪೆಟ್ಟಿಗೆ ಇರುವ ವ್ಯವಸ್ಥೆ ಬಂತು. ಅದರೊಳಗಿನ ಪ್ರತಿ ಔಷಧಿಗೂ ಒಂದು ಅಂಕಿ. ಔಷಧಿಯ ಹೆಸರು ಗೊತ್ತಿರಬೇಕಾದ್ದಿಲ್ಲ. ವೈದ್ಯರು ರೇಡಿಯೊದಲ್ಲಿ ಅಂಕಿ ಹೇಳಿದರೆ ಸಾಕು, ತಾಯಿ ಅದನ್ನು ತೆಗೆದು ಕೊಡುತ್ತಿದ್ದಳು.

ಆ ರೇಡಿಯೊದಲ್ಲಿ ರೋಗದ ಮಾತು ಮುಗಿದ ಮೇಲೆ ಹೆಂಗಸರ ಮಾತುಕತೆಗೆಂದು ಒಂದು ಹೊತ್ತು ಮೀಸಲಾಯಿತು. ಗದ್ದಲ ಮಾಡುವ ಗಲಾ ಎಂಬ ಗುಲಾಬಿ ಬಣ್ಣದ ಹಕ್ಕಿಯ ಹೆಸರಿನಿಂದ ಅದನ್ನು ಗಲಾ ಹೊತ್ತು ಎಂದು ಕರೆದರು. ತಿಂಗಳುಗಟ್ಟಲೆ ಇನ್ನೊಬ್ಬ ಹೆಂಗಸಿನ ಮುಖ ಕಾಣದವರು ಅಲ್ಲಿ ಅಡುಗೆ, ಮಕ್ಕಳು, ಮಳೆ ಎಲ್ಲವನ್ನೂ ಮಾತನಾಡಿಕೊಂಡರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಆರಂಭವಾದ ಆಕಾಶ ಶಾಲೆಯೂ ಇದೇ ರೇಡಿಯೊ ಜಾಲದ ಮೇಲೆ ನಿಂತಿತು; ಒಂಟಿಮನೆಗಳ ಮಕ್ಕಳು ಒಬ್ಬರ ಧ್ವನಿಯನ್ನೊಬ್ಬರು ಕೇಳುತ್ತ ಪಾಠ ಕಲಿತರು. ದೂರದವರಿಗೆ ಸಾಮಾನು ಕಳಿಸುವುದು ಒಂದು ಬಗೆಯ ನೆರವು. ತಮಗೇನು ಬೇಕೆಂದು ಅವರೇ ಹೇಳುವ ಸಾಧನವನ್ನು ಅವರ ಕೈಗೆ, ಇಲ್ಲಿ ಕಾಲಿಗೆ, ಕೊಡುವುದು ಅದಕ್ಕಿಂತ ದೊಡ್ಡದೆಂದು ನಾನು ನಂಬುತ್ತೇನೆ.

ಹಾರುವ ವೈದ್ಯರ ಸೇವೆ ಬೆಳೆದಂತೆ ಚರ್ಚು ಅದನ್ನು ತನ್ನದೆಂದು ಹಿಡಿದುಕೊಳ್ಳದೆ ಸಾರ್ವಜನಿಕ ಸಂಸ್ಥೆಗೆ ಬಿಟ್ಟುಕೊಟ್ಟಿತು. ಇಂದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಎಂದು ಹೆಸರಾಗಿರುವುದು ಅದೇ. 1977ರಲ್ಲಿ ಅಲ್ಲಿನ ಮೆಥೊಡಿಸ್ಟ್, ಕಾಂಗ್ರಿಗೇಷನಲ್ ಸಭೆಗಳೂ ಪ್ರೆಸ್ಬಿಟೇರಿಯನ್ನರಲ್ಲಿ ಬಹುಪಾಲೂ ಒಂದಾಗಿ ಯುನೈಟಿಂಗ್ ಚರ್ಚ್ ಆಯಿತು. ನಮ್ಮ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., 1947ರಲ್ಲಿ ಇಂಥದ್ದೇ ಕೂಡುವಿಕೆಯಿಂದ ಮೂಡಿದ್ದನ್ನು ಬಲ್ಲವರಿಗೆ ಇದು ಹೊಸತೆನಿಸದು. ಆ ಬಳಿಕ ಒಳನಾಡಿನ ಕೆಲಸ ಫ್ರಂಟಿಯರ್ ಸರ್ವಿಸಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅದರ ಪಾದ್ರಿಗಳು ಈಗ ಜೀಪಿನಂಥ ವಾಹನಗಳಲ್ಲಿ ಸಂಚರಿಸುತ್ತಾರೆ. ಔಟ್‌ಬ್ಯಾಕ್ ಲಿಂಕ್ಸ್ ಎಂಬ ಏರ್ಪಾಡಿನ ಮೂಲಕ ಸ್ವಯಂಸೇವಕರು ಕಾವಲುಗಳಿಗೆ ಹೋಗುತ್ತಾರೆ. ಬೇಲಿ ಕಟ್ಟುವುದು, ಪಂಪು ರಿಪೇರಿ, ಅಡುಗೆ, ತೋಟ, ಮಕ್ಕಳ ಪಾಠ, ಯಾವುದು ಬೇಕೆಂದು ಆ ಮನೆಯವರೇ ಹೇಳುತ್ತಾರೆ. ಅದನ್ನು ಬಲ್ಲವರನ್ನು ಸಂಸ್ಥೆ ಹುಡುಕಿ ಕಳಿಸುತ್ತದೆ.

ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಾನು ಉಳಿದುಕೊಂಡಿದ್ದ ಕಡೆ ಅಂಥ ಒಂದು ವಯಸ್ಸಾದ ಜೋಡಿ ಸಿಕ್ಕಿತು. ಆತ ನಿವೃತ್ತ ಎಲೆಕ್ಟ್ರಿಷಿಯನ್, ಆಕೆ ಶಾಲೆಯಲ್ಲಿ ಕಲಿಸಿದವರು. ಎರಡು ವಾರ ಒಂದು ದನದ ಕಾವಲಿನಲ್ಲಿದ್ದು ಬಂದಿದ್ದರು. ಆತ ವೆಲ್ಡಿಂಗ್ ಸಾಮಾನು, ಡ್ರಿಲ್ಲು, ಹತ್ತಾರು ಬಗೆಯ ಸ್ಕ್ರೂಗಳನ್ನೆಲ್ಲ ಹೇರಿಕೊಂಡು ಹೋಗಿದ್ದರಂತೆ. ಆದರೆ ಮನೆಯ ಗೃಹಿಣಿ ಮೊದಲ ಸಂಜೆ ಕೇಳಿದ್ದು ಒಂದೇ ವಿಷಯ: ನಾಳೆ ಮತ್ತು ನಾಡಿದ್ದು ಮಕ್ಕಳ ಪಾಠ ನೋಡಿಕೊಳ್ಳುತ್ತೀರಾ, ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರಬೇಕು. ಡಾಕ್ಟರಿದ್ದ ಊರು 300 ಕಿಲೋಮೀಟರ್ ದೂರ. ಮಕ್ಕಳಿಗೆ ಗಣಕಯಂತ್ರದ ಮುಂದೆ ಪಾಠ ಹೇಳಿಸುವವಳೂ ತಾನೇ, ಕೆಲಸದಾಳುಗಳಿಗೆ ಅಡುಗೆ ಮಾಡುವವಳೂ ತಾನೇ ಆದ್ದರಿಂದ, ಎಂಟು ತಿಂಗಳು ಆಕೆ ಹಲ್ಲುನೋವನ್ನು ಸಹಿಸಿಕೊಂಡೇ ಇದ್ದರಂತೆ. ಶಿಕ್ಷಕಿ ಒಪ್ಪಿದರು, ಆಕೆ ಬೆಳಗಿನ ಜಾವ ಹೊರಟರು. ಡ್ರಿಲ್ಲಿನ ಕೆಲಸ ಮೂರನೆಯ ದಿನ ಶುರುವಾಯಿತು. ಇದನ್ನು ಹೇಳುವಾಗ ಆ ಹಿರಿಯರ ಧ್ವನಿಯಲ್ಲಿ ತಾನು ಏನೋ ಉಪಕಾರ ಮಾಡಿದೆ ಎಂಬ ಭಾವ ಒಂದಿಷ್ಟೂ ಇರಲಿಲ್ಲ. ಆ ಮನೆಯವರು ಪ್ರತಿ ಭಾನುವಾರ ಚರ್ಚಿಗೆ ಹೋಗುವವರೇ ಎಂದು ನಾನು ಕೇಳಿದೆ. ಗೊತ್ತಿಲ್ಲ, ನಾವು ಕೇಳಲಿಲ್ಲ ಎಂದರು.

2019ರ ಫೆಬ್ರವರಿಯಲ್ಲಿ, ವರ್ಷಗಳ ಬರದ ಬೆನ್ನಿಗೇ, ವಾಯವ್ಯ ಕ್ವೀನ್ಸ್‌ಲ್ಯಾಂಡಿನಲ್ಲಿ ಭಾರಿ ನೆರೆ ಬಂದು ಸುಮಾರು 5 ಲಕ್ಷ ದನಗಳು ಸತ್ತವು. ಹಾರುವ ವೈದ್ಯರ ಮೊದಲ ವಿಮಾನ ಇಳಿದಿದ್ದ ಜೂಲಿಯಾ ಕ್ರೀಕ್ ಸೀಮೆಯೇ ಅದು. ಕಣ್ಣೆದುರೇ ದನಕರು ಸತ್ತ ಮನೆಗೆ ಬೇಲಿ ಕಟ್ಟಿಕೊಡುವವರು ಬೇಕಾಗುತ್ತಾರೆ. ರಾತ್ರಿ ಊಟದ ಮೇಜಿನ ಬಳಿ ಸುಮ್ಮನೆ ಕುಳಿತು ಕೇಳುವವರೂ ಬೇಕಾಗುತ್ತಾರೆ. ದನ ಸಾಕಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಇನ್‌ಲ್ಯಾಂಡ್ ಮಿಷನ್ ಮುಖ್ಯವಾಗಿ ಕಿವಿಗೊಟ್ಟದ್ದು ಬಿಳಿಯ ವಲಸಿಗರ ಕಷ್ಟಕ್ಕೆ. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿದ್ದ ಮೂಲನಿವಾಸಿಗಳ ಕಷ್ಟ ಅದರ ಲೆಕ್ಕಕ್ಕೆ ಸರಿಯಾಗಿ ಬರಲಿಲ್ಲ. ಇದನ್ನು ಆ ಕಾಲದಲ್ಲೇ ಗಟ್ಟಿಯಾಗಿ ಹೇಳಿದವರು ಅದೇ ಚರ್ಚಿನ ಸದಸ್ಯರಾಗಿದ್ದ ಅಡಿಲೇಡಿನ ವೈದ್ಯ ಚಾರ್ಲ್ಸ್ ಡ್ಯುಗಿಡ್. ಅವರ ಒತ್ತಾಯದಿಂದ 1937ರಲ್ಲಿ ಎರ್ನಬೆಲ್ಲ ಎಂಬಲ್ಲಿ ಮೂಲನಿವಾಸಿಗಳಿಗಾಗಿ ನೆಲೆಯೊಂದು ಆರಂಭವಾಯಿತು. ಅಲ್ಲಿ ಸೇವೆಗೆ ಬಂದವರು ಆ ಜನರ ಪಿಟ್ಜಂಟ್ಜಾಟ್ಜರ ಎಂಬ ಭಾಷೆಯನ್ನು ಕಲಿಯಬೇಕಿತ್ತು; ಶಾಲೆಯಲ್ಲಿ ಮಕ್ಕಳಿಗೆ ಪಾಠವೂ ಅವರ ಆ ನುಡಿಯಲ್ಲೇ ನಡೆಯಿತು.

ಫ್ಲಿನ್ 1951ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಆಲಿಸ್ ಸ್ಪ್ರಿಂಗ್ಸ್ ಹೊರಗೆ, ಬೆಟ್ಟದ ಬುಡದಲ್ಲಿ ಇರಿಸಿ, ಮೇಲೆ ಒಂದು ದೊಡ್ಡ ದುಂಡುಬಂಡೆಯನ್ನು ನಿಲ್ಲಿಸಿದರು. ನೂರಾರು ಕಿಲೋಮೀಟರ್ ದೂರದ ಕಾರ್ಲು ಕಾರ್ಲು ಎಂಬ ಜಾಗದಿಂದ ತಂದ ಆ ಬಂಡೆ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು, ಅದನ್ನು ತೆಗೆಯುವ ಮೊದಲು ಅವರನ್ನು ಯಾರೂ ಕೇಳಿರಲಿಲ್ಲ. ಅದು ಮರಳಬೇಕೆಂದು ಅವರು ವರ್ಷಗಟ್ಟಲೆ ಹೇಳುತ್ತ ಬಂದರು. ಚರ್ಚು ಕೊನೆಗೆ ಕಿವಿಗೊಟ್ಟಿತು. 1999ರಲ್ಲಿ ಬಂಡೆ ತನ್ನ ಜಾಗಕ್ಕೆ ಮರಳಿತು. ಆಲಿಸ್ ಸ್ಪ್ರಿಂಗ್ಸ್ ಸೀಮೆಯ ಅರೆರ್ಂಟ ಜನ ತಮ್ಮ ನೆಲದ ಇನ್ನೊಂದು ಬಂಡೆಯನ್ನು ಆ ಸಮಾಧಿಗೆ ಕೊಟ್ಟರು. ನಾನು ಹೋದ ದಿನ ಸಂಜೆಯ ಬಿಸಿಲಿನಲ್ಲಿ ಆ ಕಲ್ಲು ಕೆಂಪಗೆ ಹೊಳೆಯುತ್ತಿತ್ತು.

ನಮಸ್ಕಾರ.