ಒಂದೇ ಹೆಸರು, ಹಲವು ವೈರಸ್: ಹಂದಿಗಳ ಪಿಆರ್‌ಆರ್‌ಎಸ್ ಕುರಿತು

(ಬೀದರಿನಲ್ಲಿ ಹಂದಿ ಸಾಕಣೆದಾರರು ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ತಾಯಿ ಹಂದಿಗೆ ಗರ್ಭ ನಿಂತ ಮೇಲೆ ಮರಿ ಹಾಕಲು ಸುಮಾರು 114 ದಿನ ಬೇಕು. ನೂರು ದಿನ ಮೇವು ಹಾಕಿ ಕಾದು, ಇನ್ನೇನು ಈಯುತ್ತದೆ ಎನ್ನುವಾಗ ಅದು ಕಂದು ಹಾಕಿದರೆ ಆಗುವ ನಷ್ಟವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಅದೇ ಹೊತ್ತಿಗೆ ಪಕ್ಕದ ಅಂಕಣದ ಮರಿಗಳು ಏದುಸಿರು ಬಿಡುತ್ತಿದ್ದರೆ, ಕೆಲವುಗಳ ಕಿವಿ ನೀಲಿಗಟ್ಟಿದ್ದರೆ, ಪಿಆರ್‌ಆರ್‌ಎಸ್ ಎಂಬ, ಹಂದಿಗಳ ಸಂತಾನೋತ್ಪತ್ತಿಯನ್ನೂ ಉಸಿರಾಟವನ್ನೂ ಕೆಡಿಸುವ ವೈರಸ್ ರೋಗ ಇರಬಹುದೇ ಎಂದು ಕೇಳಿಕೊಳ್ಳಲೇಬೇಕು. ಇದು ಮನುಷ್ಯರಿಗೆ ಅಂಟುವುದಿಲ್ಲ. ಆ ಹೆದರಿಕೆ ಬೇಡ. 2020ರಲ್ಲಿ ಅಸ್ಸಾಮಿಗೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರ ಬೇರೆ, ನಾವು ಲಸಿಕೆ ಹಾಕಿಸುವ ಹಂದಿಜ್ವರವೂ ಬೇರೆ.

ಈ ವೈರಸ್ ಸೇರುವುದು ಹಂದಿಯ ಶ್ವಾಸಕೋಶದೊಳಗಿನ ಕಾವಲು ಕೋಶಗಳಿಗೆ. ರೋಗವನ್ನು ನುಂಗಿ ಹಾಕಬೇಕಾದ ಕೋಶಗಳೇ ಅದರ ಮನೆಯಾಗುತ್ತವೆ. ಆದ್ದರಿಂದ ಬೇರೆ ಸೋಂಕುಗಳೂ ಹಿಂದೆಯೇ ನುಗ್ಗುತ್ತವೆ. ಹಂದಿ ಮೇಲ್ನೋಟಕ್ಕೆ ಗುಣವಾದರೂ ಗಂಟಲಿನ ಟಾನ್ಸಿಲ್‌ನಲ್ಲಿ ವೈರಸ್ ಐದು ತಿಂಗಳವರೆಗೂ ಉಳಿಯಬಲ್ಲದು. ಗಂಡು ಹಂದಿಯಾದರೆ ವೀರ್ಯದಲ್ಲೂ ಹೊರಬರುತ್ತದೆ.

ಇನ್ನು ನಾನು ಹೇಳಬಂದ ಮುಖ್ಯ ವಿಷಯ. ಈ ಒಂದು ಹೆಸರಿನ ಕೆಳಗೆ ಇರುವುದು ಒಂದೇ ವೈರಸ್ ಅಲ್ಲ. ಅಮೆರಿಕದಲ್ಲಿ 1987ರ ಸುಮಾರಿಗೆ ಈ ರೋಗ ಕಾಣಿಸಿತು, ಜರ್ಮನಿಯಲ್ಲಿ 1990ರಲ್ಲಿ. ನೆದರ್‌ಲ್ಯಾಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ 1991ರಲ್ಲಿ ಮೊದಲ ಸಲ ವೈರಸ್ ಕೈಗೆ ಸಿಕ್ಕಿತು. ಆಮೇಲೆ ಅಮೆರಿಕದ ವೈರಸ್ಸಿನೊಂದಿಗೆ ಹೋಲಿಸಿದಾಗ ಎಲ್ಲರೂ ಬೆರಗಾದರು: ರೋಗ ಒಂದೇ, ಆದರೆ ವಂಶವಾಹಿಯ ಅಕ್ಷರಗಳು ಹೊಂದಿಕೆಯಾಗಿದ್ದು ನೂರಕ್ಕೆ ಸುಮಾರು 60 ಮಾತ್ರ. ಇಂದು ಅವನ್ನು ಎರಡು ಪ್ರತ್ಯೇಕ ಪ್ರಭೇದಗಳೆಂದೇ ಎಣಿಸುತ್ತಾರೆ.

ಇಷ್ಟು ಭಿನ್ನತೆ ಎಲ್ಲಿಂದ ಬಂತು? ಬಸವಕಲ್ಯಾಣದ ನೆಲದವರಾದ ನಿಮಗೆ ಓಲೆಗರಿಗಳ ಕಥೆ ಗೊತ್ತು. ಒಬ್ಬ ಲಿಪಿಕಾರ ವಚನವನ್ನು ನಕಲು ಮಾಡುವಾಗ ಒಂದಕ್ಷರ ತಪ್ಪುತ್ತಾನೆ. ಆ ಪ್ರತಿಯನ್ನು ನೋಡಿ ಬರೆದವರೆಲ್ಲ ಅದೇ ತಪ್ಪನ್ನು ಮುಂದುವರಿಸುತ್ತಾರೆ. ಎರಡು ಗರಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪುಗಳು ಸಿಕ್ಕರೆ ಅವೆರಡಕ್ಕೂ ಮೂಲಪ್ರತಿ ಒಂದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ವೈರಸ್ಸಿನ ವಂಶವೃಕ್ಷ ಬರೆಯುವುದೂ ಹೀಗೆಯೇ. ಇದರ ವಂಶವಾಹಿಯಾದ ಆರ್‌ಎನ್‌ಎಯಲ್ಲಿ ಸುಮಾರು 15,000 ಅಕ್ಷರಗಳಿವೆ, ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿಯಿಲ್ಲ. ಪ್ರಯೋಗಾಲಯಗಳು ಹೆಚ್ಚಾಗಿ ಓದುವ ತುಣುಕು ಓಆರ್‌ಎಫ್5. ಸುಮಾರು 600 ಅಕ್ಷರ. ಇಷ್ಟು ಸಣ್ಣ ತುಣುಕಿನಲ್ಲೇ ವರ್ಷಕ್ಕೆ ಕೆಲವು ಅಕ್ಷರಗಳು ಬದಲಾಗಿಬಿಡುತ್ತವೆ. ಆ ತುಣುಕು ರೂಪಿಸುವ ಪ್ರೋಟೀನ್ ವೈರಸ್ಸಿನ ಹೊರಮೈಯಲ್ಲಿರುವುದರಿಂದ, ಹಿಂದಿನ ಸೋಂಕಿನಲ್ಲಿ ಹಂದಿ ಗಳಿಸಿದ ರೋಗನಿರೋಧಕ ಶಕ್ತಿ ಹೊಸ ರೂಪವನ್ನು ಪೂರ್ತಿ ತಡೆಯುವುದಿಲ್ಲ.

ಒಬ್ಬ ಲಿಪಿಕಾರನ ಮುಂದೆ ಎರಡು ಬೇರೆ ಪ್ರತಿಗಳಿದ್ದು, ಅರ್ಧ ಇದರಿಂದ ಅರ್ಧ ಅದರಿಂದ ಬರೆದರೆ? ವೈರಸ್ ಅದನ್ನೂ ಮಾಡುತ್ತದೆ. ಒಂದೇ ಕೋಶಕ್ಕೆ ಎರಡು ತಳಿಗಳು ಹೊಕ್ಕಾಗ ಬೆರಕೆ ತಳಿ ಹುಟ್ಟುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವುದು ಇದೇ. ಡೆನ್ಮಾರ್ಕಿನಲ್ಲಿ 2019ರಲ್ಲಿ ಎರಡು ಜೀವಂತ ಲಸಿಕೆಗಳಲ್ಲಿದ್ದ, ಬಲ ಕುಂದಿಸಿದ ವೈರಸ್ಸುಗಳೇ ಬೆರೆತು ಹೊಸ ತಳಿಯೊಂದು ಹುಟ್ಟಿ, ವೀರ್ಯ ಪೂರೈಸುವ ಗಂಡು ಹಂದಿಗಳ ಕೇಂದ್ರವೊಂದನ್ನು ಹೊಕ್ಕು, ಅಲ್ಲಿಂದ ಅನೇಕ ಫಾರ್ಮ್‌ಗಳಿಗೆ ಹರಡಿತು. ಲಸಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವ ತಳಿ ಇದೆ ಎಂದು ತಿಳಿಯದೆ, ಇಲಾಖೆಯನ್ನು ಕೇಳದೆ, ಯಾರೋ ತಂದುಕೊಟ್ಟ ಬಾಟಲಿಯನ್ನು ಚುಚ್ಚಬೇಡಿ ಎನ್ನುತ್ತಿದ್ದೇನೆ.

ಚೀನಾದಲ್ಲಿ 2006ರಲ್ಲಿ ಎದ್ದ ಉಗ್ರ ತಳಿ ದೊಡ್ಡ ಹಂದಿಗಳನ್ನೂ ಕೊಂದಿತು. ಸೋಂಕು ತಗಲಿದ್ದು 20 ಲಕ್ಷಕ್ಕೂ ಹೆಚ್ಚು ಹಂದಿಗಳಿಗೆ, ಸತ್ತಿದ್ದು ಸುಮಾರು 4 ಲಕ್ಷ. ಭಾರತದಲ್ಲಿ ಮೊದಲ ಪಿಡುಗು 2013ರಲ್ಲಿ ಮಿಜೋರಾಂನಲ್ಲಿ, ಮ್ಯಾನ್ಮಾರ್ ಗಡಿಯ ಸೀಮೆಯಲ್ಲಿ. ವಂಶವಾಹಿ ಓದಿದಾಗ ಅದು ಚೀನಾದ ಉಗ್ರ ತಳಿಗೆ ಹತ್ತಿರದ ನೆಂಟನೆಂದು ತಿಳಿಯಿತು. ನಂತರದ ವರ್ಷಗಳಲ್ಲಿ ಈಶಾನ್ಯದ ಬೇರೆ ರಾಜ್ಯಗಳಲ್ಲೂ ಕಂಡಿತು.

ಅಲ್ಲೆಲ್ಲೋ ಆಗಿದ್ದಕ್ಕೆ ಬೀದರಿನಲ್ಲಿ ಏಕೆ ತಲೆ ಕೆಡಿಸಿಕೊಳ್ಳಬೇಕು ಎನ್ನಬಹುದು. ನಮ್ಮ ಜಿಲ್ಲೆ ಕೂತಿರುವ ಜಾಗ ನೋಡಿ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ಇನ್ನೊಂದು ಕಡೆ ತೆಲಂಗಾಣದ ಜಹೀರಾಬಾದ್, ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೇಲೆಯೇ ಹಾದುಹೋಗುತ್ತದೆ. ದಲ್ಲಾಳಿ ಒಂದೇ ಗಾಡಿಯಲ್ಲಿ ಮೂರು ಊರಿನ ಯಾರ್ಕ್‌ಶೈರ್ ಮರಿಗಳನ್ನು ತುಂಬಿಕೊಂಡು ಬಂದರೆ, ಮೂರು ಊರಿನ ವೈರಸ್ಸುಗಳೂ ಒಂದೇ ಶೆಡ್‌ನಲ್ಲಿ ಕೂಡಬಹುದು. ಬೆರಕೆಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಆದ್ದರಿಂದ ಹೊಸ ಹಂದಿಯನ್ನು ಕನಿಷ್ಠ ಒಂದು ತಿಂಗಳು ದೂರದ ಬೇರೆ ಶೆಡ್‌ನಲ್ಲಿ ಇಡಿ, ಅಲ್ಲಿಗೆ ಬೇರೆ ಬೂಟು, ಬೇರೆ ಬಕೆಟ್ ಇಟ್ಟುಕೊಳ್ಳಿ. ಬೆರೆಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಏಕೆಂದರೆ ವೈರಸ್ ಒಳಗಿದ್ದೂ ಹಂದಿ ಆರೋಗ್ಯವಾಗಿ ಕಾಣಬಹುದು. ಈ ವೈರಸ್ಸಿನ ಹೊರಪೊರೆ ಕೊಬ್ಬಿನದು. ಸಾಬೂನು ನೀರಿಗೆ ಒಡೆಯುತ್ತದೆ, ಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತದೆ. ನಮ್ಮ ಬೇಸಿಗೆ ಈ ಒಂದು ವಿಷಯದಲ್ಲಿ ನಮ್ಮ ಪರವಾಗಿದೆ, ಚಳಿಗಾಲ ಅಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಮಾದರಿಯಲ್ಲಿ ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಅದರ ಕೆಲವೇ ಅಕ್ಷರಗಳ ಮೇಲೆ ನಿಂತಿದೆ. ಆ ಜಾಗದಲ್ಲೇ ಅಕ್ಷರ ಬದಲಾಗಿದ್ದರೆ ವೈರಸ್ ಇದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಲಕ್ಷಣ ಕಣ್ಣೆದುರು ಇರುವಾಗ ಒಂದು ಕಾಗದದ ಮೇಲೆ ನೆಗೆಟಿವ್ ಎಂದು ಬಂತೆಂದು ಕೈ ತೊಳೆದುಕೊಳ್ಳಬೇಡಿ. ಬೇರೆ ಭಾಗದ ಪರೀಕ್ಷೆ ಕೇಳಿ, ಅಕ್ಷರ ಓದಿಸಿ.

ಸಾಕಣೆದಾರರೇ, ತಾಯಿ ಹಂದಿ ಕಂದು ಹಾಕಿದಾಗ ದಯವಿಟ್ಟು ಅದನ್ನು ಹಾಗೇ ತಿಪ್ಪೆಗೆ ಎಸೆಯಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ. ಒಣಗಿದ ಭ್ರೂಣಕ್ಕಿಂತ ಬದುಕಿ ಹುಟ್ಟಿದ ನಿತ್ರಾಣ ಮರಿಯ ರಕ್ತದಲ್ಲಿ ವೈರಸ್ ಸಿಗುವ ಸಂಭವ ಹೆಚ್ಚು. ರಕ್ತ ತೆಗೆಯುವುದು ಕಷ್ಟವಾದರೆ ಅಂಕಣದಲ್ಲಿ ಹತ್ತಿಯ ಹಗ್ಗ ಇಳಿಬಿಡಿ. ಹಂದಿಗಳು ತಾವಾಗಿಯೇ ಅಗಿಯುತ್ತವೆ, ಆ ಜೊಲ್ಲೂ ಪರೀಕ್ಷೆಗೆ ನಡೆಯುತ್ತದೆ. ಮಾದರಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಅಂದೇ ಕಳಿಸಿ, ಬಿಸಿಯಲ್ಲಿ ಆರ್‌ಎನ್‌ಎ ಉಳಿಯುವುದಿಲ್ಲ. ಡಬ್ಬಿಯ ಮೇಲೆ ತಾರೀಖಿನ ಜೊತೆಗೆ ಆ ಹಂದಿಯನ್ನು ಯಾವ ಊರಿಂದ, ಯಾವಾಗ ತಂದಿದ್ದು ಎಂಬುದನ್ನೂ ಬರೆಯಿರಿ. ವೈರಸ್ ಯಾವ ತಳಿಯದು ಎಂದು ಪ್ರಯೋಗಾಲಯ ಹೇಳಬಲ್ಲದು. ಅದು ಯಾವ ದಾರಿಯಲ್ಲಿ ಬಂತು ಎಂಬುದಕ್ಕೆ ನಿಮ್ಮ ಆ ಒಂದು ಸಾಲು ಬೇಕು.